ಕವಲೊಡೆದ ನರ

ಭಾನುವಾರ, ಇಳಿಹೊತ್ತು

ನನ್ನ ಹಟಮಾರಿ ಗುಬ್ಬಿಗೆ ಅಮ್ಮನ ಪ್ರೀತಿ.

ಫೋನ್ ಮಾಡಿದರೆ ನೀನು ವಾದಕ್ಕೆ ನಿಲ್ಲುತ್ತೀಯ, ನಾನು ಸೋಲುತ್ತೇನೆ. ಅದಕ್ಕೇ ಈ ಕಾಗದ. ಇಲ್ಲಿ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ನೀನು ಕಳಿಸಿದ ಸ್ಕ್ಯಾನನ್ನು ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. ನನ್ನ ಹಲ್ಲಿನ ಕ್ಲಿನಿಕ್ಕಿಗೆ ಇಂದು ರಜೆ. ಕಿಟಕಿಗೆ ಪರದೆ ಎಳೆದಿದ್ದೇನೆ, ರೋಗಿಯ ಕುರ್ಚಿ ಖಾಲಿ. ಕಂಪ್ಯೂಟರಿನಲ್ಲಿ ನಿನ್ನ ಕೆಳದವಡೆ ಹೋಳು ಹೋಳಾಗಿ, ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತದೆ. ನಸುಕಿನಲ್ಲಿ ಯಾರೂ ಇಲ್ಲದ ಬೀದಿಯಲ್ಲಿ ನಡೆದ ಹಾಗಿದೆ. ಮಗಳ ಮೂಳೆಯೊಳಗೆ ತಾಯಿ ಅಡ್ಡಾಡುವುದುಂಟೇ ಎಂದು ನನಗೇ ನಗು ಬಂತು. ಹಾಲುಹಲ್ಲು ಮೂಡುವಾಗ ನನ್ನ ಬೆರಳು ಕಚ್ಚುತ್ತಿದ್ದ ದವಡೆ ಇದೇ ಅಲ್ಲವೇ.

ಒಂದೊಂದು ಹೋಳಿನಲ್ಲೂ ನರ ಇರುವಲ್ಲಿ ಚುಕ್ಕೆ ಇಡುತ್ತಾ ಹೋಗುವುದು ನಮ್ಮ ಪದ್ಧತಿ. ಚುಕ್ಕೆಗಳು ಸೇರಿ ಕೆಂಪು ಗೆರೆಯಾಗುತ್ತವೆ. ಅದರ ಹತ್ತಿರ ಉಪಕರಣ ಸುಳಿಯಬಾರದು. ನೀನು ಕೀಳಿಸಬೇಕೆಂದಿರುವ ಎಡಗಡೆಯ ಬುದ್ಧಿಹಲ್ಲಿನ ಬಳಿ ಎಲ್ಲಿ ಚುಕ್ಕೆ ಇಡಬೇಕೆಂದೇ ತಿಳಿಯಲಿಲ್ಲ. ನರದ ಹಾದಿ ಒಂದೇ ಕಪ್ಪು ವೃತ್ತವಾಗಿ ಕಾಣಬೇಕಿತ್ತು, ಇಲ್ಲಿ ಪಕ್ಕಪಕ್ಕದಲ್ಲಿ ಎರಡು. ಎದ್ದು ಹೋಗಿ ಮುಖ ತೊಳೆದು ಬಂದೆ. ಆಗಲೂ ಎರಡೇ. ನಿನ್ನ ನರ ಅಲ್ಲಿ ಕವಲೊಡೆದು, ಮುಂದೆ ಹೋಗಿ ಮತ್ತೆ ಒಂದಾಗುತ್ತದೆ. ರೋಗವಲ್ಲ, ಕೆಲವರು ಹೀಗೇ ಹುಟ್ಟುತ್ತಾರೆ. ಆದರೆ ಒಳಗಿನ ಕವಲು ಹಲ್ಲಿನ ಬೇರಿಗೆ ಅಂಟಿಕೊಂಡೇ ಇದೆ. ಸಾಧಾರಣ ಎಕ್ಸ್-ರೇಯಲ್ಲಿ ಒಂದರ ಹಿಂದೆ ಇನ್ನೊಂದು ಅಡಗಿತ್ತು. ಅದಕ್ಕೇ ನಿಮ್ಮೂರಿನ ಡಾಕ್ಟರು ಹೂವೆತ್ತಿದ ಹಾಗೆ ತೆಗೆಯುತ್ತೇನೆ ಎಂದದ್ದು. ಅವರದು ತಪ್ಪಲ್ಲ.

ಆ ಬೇರನ್ನು ಅಲ್ಲಾಡಿಸಿ ಕಿತ್ತರೆ ನಿನ್ನ ಕೆಳತುಟಿಯ ಎಡಭಾಗ ಮರಗಟ್ಟಿ ಹಾಗೇ ಉಳಿಯಬಹುದು. ಕೊಳಲು ತುಟಿಗೆ ತಾಗಿದ್ದೇ ಗೊತ್ತಾಗದಿದ್ದರೆ ನೀನು ಹೇಗೆ ಊದುತ್ತೀಯ? ನನಗೆ ಭಯವಾಗುತ್ತದೆ.

ಹಾಗಾಗಿ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ, ಬೇರುಗಳನ್ನು ಇದ್ದಲ್ಲೇ ಬಿಟ್ಟು ಒಸಡು ಹೊಲಿಯುವುದು. ಅರ್ಧ ಕೆಲಸ ಎಂದು ಮೂಗು ಮುರಿಯಬೇಡ. ಕಾಲ ಕಳೆದಂತೆ ಬೇರುಗಳು ತಾವಾಗಿಯೇ ನರದಿಂದ ದೂರ ಸರಿಯುವುದುಂಟು. ಕಾಟ ಕೊಟ್ಟರೆ ಆಗ ತೆಗೆದರಾಯಿತು. ಗಾಯ ಮಾಯುವವರೆಗೆ ನಿನ್ನ ಕೊಳಲಿನ ಕಾರ್ಯಕ್ರಮ ಮುಂದೆ ಹೋದರೆ ಹೋಗಲಿ.

‘ಅಮ್ಮ, ನೀನೇ ಕೀಳಬೇಕು, ಬೇರೆ ಯಾರಿಗೂ ಬಾಯಿ ತೆರೆಯುವುದಿಲ್ಲ’ ಎಂದು ನೀನು ಹೇಳಿದ್ದೆ. ಆಗುವುದಿಲ್ಲ ಮಗಳೇ, ನಿನ್ನ ಒಸಡಿಗೆ ನಾನು ಕತ್ತಿ ಹಾಕಲಾರೆ. ನನ್ನ ಜೊತೆ ಓದಿದ ಗೆಳತಿ ಮಾಡುತ್ತಾಳೆ. ನಾನು ನಿನ್ನ ಕೈ ಹಿಡಿದು ಕೂರುತ್ತೇನೆ.

ಊಟವಾದ ಮೇಲೆ ಇಲ್ಲೇ ಜೋಂಪು ಹತ್ತಿತ್ತು. ಕನಸಿನಲ್ಲಿ ಆ ಎರಡು ಹಾದಿಗಳಲ್ಲೂ ನೀನೇ ನಡೆದು ಬರುತ್ತಿದ್ದೆ, ಕೊಳಲೂದುತ್ತಾ. ಯಾರನ್ನು ಮೊದಲು ಕರೆಯಲಿ ಎಂದು ನನಗೆ ತಿಳಿಯಲೇ ಇಲ್ಲ.

ಬೇಗ ಬಾ.

ನಿನ್ನ
ಅಮ್ಮ

ತಾ.ಕ.: ಹೇಳಬಾರದೆಂದೇ ಇದ್ದೆ. ನನ್ನ ಕೆಳತುಟಿಯ ಬಲಭಾಗಕ್ಕೆ ಸ್ಪರ್ಶವಿಲ್ಲ. ನೀನು ಹುಟ್ಟುವ ಮುಂಚೆ ಬುದ್ಧಿಹಲ್ಲು ಕೀಳಿಸಿಕೊಂಡಾಗ ಹೋದದ್ದು. ನಿನ್ನನ್ನು ಮೊದಲ ಸಲ ಎತ್ತಿ ಮುತ್ತಿಟ್ಟಾಗ ನಿನ್ನ ಕೆನ್ನೆ ನನಗೆ ಅರ್ಧವೇ ಸಿಕ್ಕಿತು. ಅಂದಿನಿಂದ ಬಾಯಿ ಓರೆ ಮಾಡಿ, ಎಡಭಾಗದಿಂದಲೇ ಮುತ್ತಿಡುತ್ತೇನೆ. ಮುತ್ತಿಡುವುದೇ ಹಾಗೆಂದು ತಿಳಿದು ನೀನೂ ಎಲ್ಲರಿಗೂ ಓರೆಯಾಗಿಯೇ ಮುತ್ತಿಡುತ್ತೀಯ. ನಿನ್ನ ತುಟಿ ಪೂರ್ತಿ ಚೆನ್ನಾಗಿದೆ, ಗುಬ್ಬಿ.