ಹಕ್ಕಲು ಬರೆಯದ ಒಪ್ಪಂದ

ಇಸವಿ ೨೧೬೮, ಬೋಳುನೆಲ ಮಾಸ, ನಲವತ್ತೊಂದನೆಯ ದಿನ
ಮರಳವಾಡಿ, ಭೀಮಾ ತೀರ

ಜಗದೇವಿ ಆಯಿಯವರಿಗೆ,

ಒಂದು ತಿಂಗಳಿಗೆ ನಲವತ್ತೊಂದು ದಿನ ಹೇಗೆ ಎಂದು ನಿಮಗೆ ಅನ್ನಿಸಬಹುದು. ಕೊಯ್ಲು ಮುಗಿದು ಹೊಲದಲ್ಲಿ ಏನೂ ಉಳಿಯದ ಅವಧಿಯನ್ನೆಲ್ಲ ನಾವು ಒಂದೇ ತಿಂಗಳೆಂದು ಎಣಿಸುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪದ್ಯಗಳಿಂದ ಕಲಿತವಳು. ಮಾತು ಎಲ್ಲಾದರೂ ತೊಡರಿದರೆ ಮನ್ನಿಸಿ. ನಾನು ನಿಮ್ಮ ವಂಶದವಳಲ್ಲ. ನಿಮ್ಮ ಗೆಳತಿ ಹಣಮವ್ವನ ಮರಿಮೊಮ್ಮಗಳ ಮೊಮ್ಮಗಳು. ಹೆಸರು ಮಹಾನಂದಾ.

ನಮ್ಮ ಮನೆಯ ಗೋಡೆ ತೊಗರಿ ಕಟ್ಟಿಗೆಯದು. ಕಟ್ಟಿಗೆಯನ್ನು ಅರೆದು, ಒತ್ತಿ ಹಲಗೆ ಮಾಡುತ್ತಾರೆ. ಮಳೆಗಾಲದಲ್ಲಿ ಗೋಡೆಯಿಂದ ಬೇಳೆ ನೆನೆಸಿಟ್ಟ ವಾಸನೆ ಬರುತ್ತದೆ. ನನ್ನ ಚಪ್ಪಲಿ, ಚೀಲ, ಮಗಳು ಮಲಗಿದ ತೊಟ್ಟಿಲು, ಎಲ್ಲವೂ ಅದರವೇ. ಎಲ್ಲದರ ಮೇಲೂ ಜೊತೆಗುರುತು ಇರುತ್ತದೆ, ಎಂದರೆ ಕಂಪನಿಯ ಹೆಸರಿನ ಪಕ್ಕದಲ್ಲಿ ಕಟ್ಟಿಗೆ ಬೆಳೆದ ಊರಿನ ಹೆಸರು. ಈ ಗುರುತನ್ನು ಶುರು ಮಾಡಿದವರು ನೀವು. ಹೊಲದಲ್ಲಿ ಕಟ್ಟಿಗೆ ಸುಡುವ ಹೊಗೆಯನ್ನು ನಾನು ಕಂಡೇ ಇಲ್ಲ. ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಹೊಲಗಳ ಮೇಲೆ ಈಗ ಎಣಿಕೆಗಣ್ಣು ಹಾರುತ್ತದೆ. ಹದ್ದಿನಷ್ಟು ದೊಡ್ಡ ಯಂತ್ರ ಅದು. ಬಿದ್ದ ಕಾಯಿಯನ್ನು ಯಾರಾದರೂ ಎತ್ತಿದರೆ ಸಿಳ್ಳೆ ಹಾಕುತ್ತದೆ. ಹೊಲಕ್ಕೆ ಕಾಲಿಡಲು ಹೊಲಚೀಟಿ ಬೇಕು. ನಮ್ಮ ಮನೆಯವರಿಗೆ ಅದನ್ನು ಐದು ತಲೆಮಾರಿನಿಂದ ಕೊಟ್ಟಿಲ್ಲ. ದಾಖಲೆಯಲ್ಲಿ ನಾವು ಕಟ್ಟಿಗೆಗಳ್ಳರು.

ಹಕ್ಕಲು ಆಯುವುದನ್ನು ನೀವು ಬಲ್ಲಿರಿ. ಕೊಯ್ಲಾದ ಮೇಲೆ ಹೊಲವಿಲ್ಲದ ಹೆಂಗಸರು ಬಿದ್ದ ಕಾಯಿ ಆಯ್ದುಕೊಂಡು, ಒಲೆಗೆ ಒಂದು ಹೊರೆ ಕಟ್ಟಿಗೆ ಒಯ್ಯುತ್ತಿದ್ದರು. ಆಗ ಹೊಲದವರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನೋಡಿದರೆ ಅದು ದಾನವಾದೀತು, ಬಾಯಿಬಿಟ್ಟು ಹೇಳಿದರೆ ಭಿಕ್ಷೆಯಾದೀತು ಎಂಬ ಸಂಕೋಚ. ಎರಡೂ ಕಡೆಯವರ ಮಾನ ಆ ತಿರುಗಿಸಿದ ಬೆನ್ನಿನಲ್ಲಿತ್ತು.

ತೊಗರಿ ಕಟ್ಟಿಗೆಯಿಂದ ಚೀಲ ಮಾಡುವ ಕಂಪನಿಯ ಒಪ್ಪಂದಪತ್ರ ಬಂದಾಗ ನಿಮ್ಮೂರ ಮಹಿಳಾ ಸಂಘದಲ್ಲಿ ಅದನ್ನು ಪೂರ್ತಿ ಓದಿದವರು ನೀವೊಬ್ಬರೇ. ಕೊಯ್ಲಿನ ನಂತರ ಹೊಲದಲ್ಲಿ ಉಳಿಯುವುದೆಲ್ಲ ಕಂಪನಿಯದು ಎಂದು ಅದರಲ್ಲಿತ್ತು. ಹಕ್ಕಲಿನ ಮಾತೇನು ಎಂದು ನೀವು ಕೇಳಿದಿರಿ. ಕಂಪನಿಯವನು ಕಣದಲ್ಲಿ ನಿಮ್ಮೊಡನೆ ಕೂತು ರೊಟ್ಟಿ ತಿನ್ನುತ್ತಿದ್ದ. "ಅದು ನಿಮ್ಮದೇ ಅಲ್ವಾ ಅಮ್ಮಾ? ಅದನ್ನೂ ಬರೀಬೇಕಾ?" ಎಂದು ನಕ್ಕ. ಪಕ್ಕದಲ್ಲಿದ್ದ ಹಣಮವ್ವನೇ ನಿಮ್ಮ ಭುಜಕ್ಕೆ ಹೊಡೆದು, "ಹಕ್ಕಲ ಯಾರರ ಬರೀತಾರೇನ? ನಮ್ಮ ಮಾನ ತಗೀಬ್ಯಾಡ, ಸಹಿ ಹಾಕ" ಎಂದಳು. ನೀವು ಸಹಿ ಹಾಕಿದಿರಿ. ಆ ಸಹಿಗಾಗಿ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಸಂಕೋಚ ಎಷ್ಟು ಬೆಲೆಬಾಳುತ್ತದೆಂದು ಅವನಿಗೆ ಗೊತ್ತಿತ್ತು, ನಿಮಗಿಬ್ಬರಿಗೂ ಗೊತ್ತಿರಲಿಲ್ಲ.

ಮರುವರ್ಷ ಚೀಲಗಳ ಮೇಲೆ ನಿಮ್ಮ ನಗುಮುಖ ಬಂತು. "ಏ ಜಗದೇವಿ, ಚೀಲದ ಮ್ಯಾಗ ಕುಂತ ಮಾರಿ ಇನ್ನ ನಮ್ಮ ಕಡಿ ತಿರುಗ್ತದೋ ಇಲ್ಲೋ?" ಎಂದು ಹಣಮವ್ವ ಛೇಡಿಸಿದ್ದಳಂತೆ. ಹದಿನೈದು ದಿನಕ್ಕೆ ಕಂಪನಿಯ ಕಾವಲುಗಾರರು ಅವಳನ್ನು ತಲೆಯ ಮೇಲಿನ ಹೊರೆಯ ಸಮೇತ ಹಿಡಿದರು.

ಮುಂದಿನದು ನಿಮಗಿನ್ನೂ ನಡೆದಿಲ್ಲ. ನಮಗೆ ನೂರಿಪ್ಪತ್ತು ವರ್ಷ ಹಳೆಯದು. ಪಂಚಾಯಿತಿಯಲ್ಲಿ ಅಧ್ಯಕ್ಷರು ನಿಮ್ಮನ್ನು, "ಹಕ್ಕಲ ಬಿಡ್ತೀವಿ ಅಂತ ಈ ಕಂಪನಿಯವ್ರು ಅಂದಿದ್ರೇನವಾ?" ಎಂದು ಕೇಳಿದರು. ನೀವು ನೆಲ ನೋಡಿದಿರಿ. "ನನಗ ನೆನಪಿಲ್ರಿ" ಎಂದಿರಿ. ಹಣಮವ್ವನ ಹೆಸರಿನ ಮುಂದೆ ಕಟ್ಟಿಗೆಗಳ್ಳಿ ಎಂದು ಬರೆದರು.

ಒಪ್ಪಂದ ಮುರಿದರೆ ಸಂಘದ ನಲವತ್ತು ಮನೆಗಳ ಕೆಲಸ ಹೋಗುತ್ತದೆಂದು ಹೆದರಿದ್ದಿರಿ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾದಷ್ಟೂ ನೋವು ಹೆಚ್ಚು. ಕಂಪನಿಯವನು ಹೊರಗಿನವ, ಅವನ ಮೋಸಕ್ಕೆ ಒಂದು ಅಳತೆಯಿದೆ. ನಿಮ್ಮ ಮರೆವಿಗೆ ಅಳತೆ ಹುಡುಕುತ್ತ ನಾವು ಐದು ತಲೆಮಾರು ಕಳೆದೆವು.

ಪಂಚಾಯಿತಿಯ ಆ ವಿಚಾರಣೆಯ ದಿನ ಮುಂಜಾನೆ ನಿಮ್ಮ ಕೈಗೆ ಸಿಗಲೆಂದು ಈ ಪತ್ರವನ್ನು ನಿಮ್ಮ ಕಾಲಕ್ಕೆ ಕಳಿಸುತ್ತಿದ್ದೇನೆ. ಕೇಳಿದಾಗ ಹೌದು ಅನ್ನಿ, ಅಷ್ಟೇ ನನ್ನ ಬೇಡಿಕೆ. ಹಣಮವ್ವ ಇವತ್ತು ಬೇರೆ ಯಾವ ಸಾಕ್ಷಿಯನ್ನೂ ಕರೆದುಕೊಂಡು ಬರುವುದಿಲ್ಲ. "ಜಗದೇವಿ ಅದಾಳಲ್ಲ" ಎಂದು ಮನೆಯಲ್ಲಿ ಹೇಳಿ, ಒಬ್ಬಳೇ ಹೊರಟಿದ್ದಾಳೆ.