ಸಂಕಪ್ಪನ ತೊಡೆ

೧೨ ಜನವರಿ ೧೯೩೮, ಬುಧವಾರ.

ಮೊಮ್ಮಗ ಸಂಕಪ್ಪನ ತೊಡೆ ನೇರಳೆ ಹಣ್ಣಿನಂತೆ ಕಪ್ಪಾಗಿದೆ. ನಿನ್ನೆ ಕಂಬಳದಲ್ಲಿ ಕೋಣ ಓಡಿಸುವಾಗ ತೊಡೆ ಸೆಳೆದುಕೊಂಡಿತೆಂದು, ಬಿಸಿ ಎಣ್ಣೆ ಹಾಕಿ ನಾನೇ ಬಲವಾಗಿ ತಿಕ್ಕಿದ್ದೆ. ಕಿರುಚಿದವನಿಗೆ, "ನಿನ್ನ ಕೋಣಗಳೇ ವಾಸಿ, ಸುಮ್ಮನಿರು" ಎಂದು ಬೈದೂ ಇದ್ದೆ.

ಹಂಪನಕಟ್ಟೆಯ ಡಾಕ್ಟರು ಇಂದು ಕೇಳಿದರು, "ತಿಕ್ಕಿದ್ದು ಯಾರು ಮಾರಾಯ್ರೆ? ಹರಿದ ಸ್ನಾಯು ತಿಕ್ಕಿದರೆ ಇನ್ನೂ ಹರಿಯುತ್ತದೆ. ತಣ್ಣೀರು ಬಟ್ಟೆ ಹಾಕಿ ಮಲಗಿಸಿ."

"ಇನ್ನು ಓಡ್ತಾನಾ?" ಎಂದೆ.

"ತಿಂಗಳು ಕಳೆಯಲಿ, ನೋಡುವ."

ಡಾಕ್ಟರ ಮೊದಲ ಪ್ರಶ್ನೆಗೆ, "ನಾನೇ ತಿಕ್ಕಿಕೊಂಡದ್ದು" ಎಂದ ಸಂಕಪ್ಪ. ಎಲ್ಲರಿಗೂ ಬಾಯಿ ಮಾಡುವ ನಾನು ಅಲ್ಲಿ ಬಾಯಿ ಬಿಡಲಿಲ್ಲ.

ಓಟ ಬಿಟ್ಟರೆ ಅವನಿಗೆ ಬೇರೆ ಸಂತೋಷ ಎಂತ ಉಂಟು? ಸಂಜೆ ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದೆ. ನಗುತ್ತಲೇ "ಬನ್ನಿ ಅಜ್ಜಿ" ಎಂದ. ನನ್ನ ಕೈ ಮುಟ್ಟುವ ಮೊದಲೇ ಕಾಲು ಮಾತ್ರ ಹಿಂದಕ್ಕೆ ಸರಿಯಿತು.