ಹತ್ತಕ್ಕೆ ಮೂರು

ಮಾರ್ಚ್ 3
ಬೆಳಗ್ಗೆಯಿಂದ ಪ್ರೆಸ್ಸಿನಲ್ಲಿ ಹದಿನಾರು ಪುಟದ ಪ್ರೂಫ್ ತಿದ್ದಿದೆ. ಕಣ್ಣು ಕಿತ್ತು ಬರುತ್ತಿದೆ. ಊಟದ ಹೊತ್ತಿನಲ್ಲಿ, ಕೆಟ್ಟ ಪ್ರೂಫ್ ಹಾಳೆಗಳ ಬೆನ್ನಿಗೆ, ನನ್ನ ಕಥೆ ಮತ್ತೆ ಮೊದಲಿನಿಂದ. ಮೂರನೇ ಸಲ! ಗಂಡ ಹೆಂಡತಿಗೆ ಬಾರಿಸುವ ಜಾಗಕ್ಕೆ ಬಂದರೆ ಪೆನ್ನು ಮುಂದೆ ಹೋಗುವುದಿಲ್ಲ. ಹೇಗೆ ಹೋದೀತು? ಏಟು ತಿನ್ನುವವಳು ನಾನಲ್ಲ, ಅಕ್ಕ. ಹೊಡೆಯುವವರು ಭಾವ. ಹೈಸ್ಕೂಲ್ ಮೇಷ್ಟ್ರು, ಬೀದಿಗೆ ಬೀದಿಯೇ ನಮಸ್ಕಾರ ಹಾಕುವ ದೊಡ್ಡ ಮನುಷ್ಯ. ಅಮ್ಮನದು ಒಂದೇ ರಾಗ: "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ." ಉಣ್ಣೋದಕ್ಕೆ ಬಾಯಲ್ಲಿ ಹಲ್ಲು ಉಳಿದಿರಬೇಕಲ್ಲ.

ಮಾರ್ಚ್ 5
ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೊಲಿಯಲು ಕೊಟ್ಟ ಬಟ್ಟೆಯ ಮಡಿಕೆಯೊಳಗೆ ಕಥೆ ಇಟ್ಟುಕೊಟ್ಟೆ. "ತಪ್ಪಿದ್ರೆ ತಿದ್ದು" ಅಂದೆ.

ಮಾರ್ಚ್ 9
ವಾಪಸ್ ಬಂತು. ಅಂಚಿನಲ್ಲಿ ಅಕ್ಕನ ಪೆನ್ಸಿಲ್: "ಸುಮ್ಮನೆ ಹೊಡೆಯಲ್ಲ. ಮೊದಲು ವಾಚು ಬಿಚ್ಚಿ ಫ್ರಿಜ್ ಮೇಲೆ ಇಡ್ತಾರೆ. ಟಕ್ ಅನ್ನುತ್ತೆ. ಆಮೇಲೆ ಜಡೆ ಹಿಡೀತಾರೆ. ಗೋಡೆಗೆ. ಮೂರನೇ ಸಲಕ್ಕೆ ಕಿವಿ ಕೇಳಿಸಲ್ಲ."
ಓದಲಾಗದೆ ಹಾಳೆ ಮಗುಚಿಟ್ಟೆ. ಆದರೆ... ಇಲ್ಲಿ ಮಾತ್ರ ಬರೆಯಬಲ್ಲೆ... ಖುಷಿಯೂ ಆಯಿತು. ಆ ಟಕ್! ಕಥೆಗೆ ಜೀವ ಬಂತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಮಾರ್ಚ್ 10, ಮಧ್ಯಾಹ್ನ
ನಾಲ್ಕನೇ ಸಲ. ಹೆಂಡತಿ ಬಟ್ಟೆ ಕತ್ತರಿಸುವ ಕತ್ತರಿ ತೆಗೆದು ಗಂಡನ ಕುತ್ತಿಗೆಗೆ ಇಳಿಸುತ್ತಾಳೆ. ಮಿಷಿನ್, ನೆಲ, ಅರ್ಧ ಹೊಲಿದ ತೋಳು, ಎಲ್ಲ ರಕ್ತ. ಒಂದೇ ಉಸಿರಿಗೆ ಬರೆದೆ. ಮುಗಿಸಿದ ಮೇಲೆ ಒಳ್ಳೇ ಹಸಿವು.

ಮಾರ್ಚ್ 16
ಬಟ್ಟೆಯಲ್ಲಿಟ್ಟು ಕೊಟ್ಟಿದ್ದ ನಾಲ್ಕನೇ ಪ್ರತಿ ಓದಿ ಅಕ್ಕನೇ ಪ್ರೆಸ್ಸಿಗೆ ಬಂದಳು. ಕಿವಿಯಲ್ಲಿ ಹತ್ತಿ.
"ಕತ್ತರಿ ದಿನವಿಡೀ ನನ್ ಕೈಲೇ ಇರುತ್ತೆ ಪುಟ್ಟಿ. ಕೈ ಏಳಲ್ಲ ಕಣೇ. ಸುಳ್ಳು ಬರೀಬೇಡ."
"ಮತ್ತೇನ್ ಬರೀಲಿ?"
"ಅವಳನ್ನ ಕರ್ಕೊಂಡ್ ಹೋಗೋಕೆ ಯಾರಾದ್ರೂ ಬರ್ಲಿ."
"ಅದು ಸಿನಿಮಾ ಆಗುತ್ತಕ್ಕಾ. ಕಥೆ ಕೆಟ್ಟುಹೋಗುತ್ತೆ."
ನಕ್ಕಳು. ಚೀಲ ಎತ್ತಿಕೊಂಡು ಹೋದಳು.

ಮಾರ್ಚ್ 18
ಐದನೇ ಪ್ರತಿ. ಹಟ ಹಿಡಿದು ಕತ್ತರಿಯನ್ನೇ ಉಳಿಸಿಕೊಂಡೆ. ಬಟ್ಟೆಯೊಳಗಿಟ್ಟು ಕೊಡಲು ಹೋದರೆ ಅಕ್ಕ ಇಲ್ಲ. ಬಾಗಿಲಲ್ಲಿ ಭಾವ. "ಕೊಡಮ್ಮ, ನಾನೇ ಕೊಡ್ತೀನಿ." ಎಷ್ಟು ಮೆತ್ತಗಿನ ದನಿ. ಚೀಲ ಹಿಂದಕ್ಕೆ ಎಳೆದುಕೊಂಡರೆ ಅನುಮಾನ ಬರುತ್ತದೆ ಎಂದು... ಕೊಟ್ಟುಬಿಟ್ಟೆ.

ಮಾರ್ಚ್ 24, ಬೆಳಗ್ಗೆ 11
ಆರು ದಿನ ಅಕ್ಕನ ಫೋನಿಲ್ಲ. ನಾನೇ ಮಾಡಿದರೂ ಎತ್ತಲಿಲ್ಲ. ಈಗ ಶಾಲೆಯ ಪ್ಯೂನ್ ಲಕೋಟೆ ತಂದ. "ಮೇಷ್ಟ್ರು ಇವತ್ತು ರಜಾ. ಮನೇಲೇ ಕರೆದು ಕೊಟ್ರು."
ನನ್ನ ಕಥೆ. ಪೆನ್ಸಿಲ್ ಅಲ್ಲ, ಕೆಂಪು ಮಸಿ. ಕತ್ತರಿಯ ಪ್ಯಾರಾಕ್ಕೆ ಉದ್ದಕ್ಕೂ ಅಡ್ಡಗೀಟು. ಕೆಳಗೆ ದುಂಡು ಅಕ್ಷರದಲ್ಲಿ: "ಇವಳಿಗೆ ಇಷ್ಟು ಧೈರ್ಯವಿಲ್ಲ. ಅಂತ್ಯ ನಾನೇ ಬರೆಯುತ್ತೇನೆ. ಹತ್ತಕ್ಕೆ ಮೂರು." ಮಾರ್ಕ್ಸಿನ ಕೆಳಗೆ ಸಹಿ ಬೇರೆ!

11.20
ಪೊಲೀಸರಿಗೆ ಹೇಳಿದೆ. "ಬರ್ತೀವಿ" ಅಂದರು. ಬೈಂಡಿಂಗ್ ಮೇಸ್ತ್ರಿ ಸ್ಕೂಟರ್ ತರಲು ಓಡಿದ್ದಾನೆ. ಅಕ್ಕನಿಗೆ ರಿಂಗ್ ಆಗುತ್ತಲೇ ಇದೆ. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ. ಐದು ಸಲ ಕಥೆ ತಿದ್ದಿದೆ. ಒಂದು ಸಲವೂ ಅವಳ ಕೈ ಹಿಡಿದು ಬಾ ಅನ್ನಲಿಲ್ಲ. ಯಾರಾದರೂ ಬರಲಿ ಅಂದಿದ್ದಳು. ಕಥೆಗೆ ಹೇಳುತ್ತಿದ್ದಾಳೆ ಅಂದುಕೊಂಡೆನಲ್ಲ, ಪಾಪಿ ನಾನು.

ಎತ್ತಿದಳು! "ಅಕ್ಕಾ, ಬರ್ತಾ ಇದೀನಿ, ಹೊರಟೆ" ಅಂದೆ. ಅವಳ ಉಸಿರು ಮಾತ್ರ. ಆಮೇಲೆ ಅವಳ ಹಿಂದೆ ಎಲ್ಲೋ, ಟಕ್—